ಗಡಿ ಊರಿನ ಕಾಗದದ ಸಿಪಾಯಿಗಳು

ಬಣ್ಣ ಹಚ್ಚಿ, ರಟ್ಟಿಗೆ ಅಂಟಿಸಿ, ಕತ್ತರಿಸಿ ನಿಲ್ಲಿಸುವ ಕಾಗದದ ಸಿಪಾಯಿಗಳು ಒಂದು ಕಾಲದಲ್ಲಿ ಫ್ರಾನ್ಸ್–ಜರ್ಮನಿ ಗಡಿಯ ಮಕ್ಕಳ ಅಗ್ಗದ ಆಟಿಕೆ. ಇಂದು ಅವೇ ಇತಿಹಾಸದ ದಾಖಲೆ. ಕರ್ನಾಟಕದ ಗಡಿಯಾಚೆ ಕನ್ನಡ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೂ ಈ ಹವ್ಯಾಸದಲ್ಲಿ ಕಲಿಯುವುದು ಸಾಕಷ್ಟಿದೆ.

ರೈನ್ ನದಿಯ ಆಚೆ ಜರ್ಮನಿ, ಈಚೆ ಫ್ರಾನ್ಸ್. ಈಚೆ ದಡಕ್ಕೆ ಅಂಟಿಕೊಂಡಂತೆ ಇರುವ ನಗರ ಸ್ಟ್ರಾಸ್‌ಬರ್ಗ್. ಅಲ್ಲಿನ ಇತಿಹಾಸ ವಸ್ತುಸಂಗ್ರಹಾಲಯ ಇರುವುದು 16ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಹಳೆಯ ಮಾಂಸದ ಮಾರುಕಟ್ಟೆಯ ಕಟ್ಟಡದಲ್ಲಿ. ಕೋಟೆ ಕೊತ್ತಲಗಳ ಆ ಊರಿನ ಸಂಗ್ರಹದಲ್ಲಿ ಬೆರಳುದ್ದದ ಒಂದು ಸೈನ್ಯವೂ ಇದೆ. ತುತ್ತೂರಿ ಊದುವವನು, ಬಾವುಟ ಹಿಡಿದವನು, ನಗಾರಿ ಬಾರಿಸುವವನು, ಕುದುರೆ ಸವಾರ, ಎಲ್ಲರೂ ಕಾಗದದವರೇ. ಊರಿನ ಹೆಸರನ್ನೇ ಸೇರಿಸಿ ಇವರನ್ನು 'ಸ್ಟ್ರಾಸ್‌ಬರ್ಗಿನ ಪುಟ್ಟ ಸಿಪಾಯಿಗಳು' ಎಂದು ಕರೆಯುವುದು ವಾಡಿಕೆ.

ಕಾಗದದ ಬೊಂಬೆಗೆ ವಸ್ತುಸಂಗ್ರಹಾಲಯದಲ್ಲಿ ಜಾಗ ಸಿಕ್ಕಿದ್ದು ಅದರ ಅಂದಕ್ಕಾಗಿ ಮಾತ್ರವಲ್ಲ. ಯಾವ ವರ್ಷ, ಯಾವ ಪಡೆಯವನು, ಯಾವ ಬಣ್ಣದ ಅಂಗಿ ತೊಟ್ಟಿದ್ದ ಎಂಬುದನ್ನು ಯಾರೋ ಒಬ್ಬರು ಕಣ್ಣಾರೆ ನೋಡಿ, ಬರೆದು, ಬಣ್ಣ ಹಚ್ಚಿ, ಹೆಸರು ಹಾಕಿ ಇಟ್ಟಿದ್ದರು ಎಂಬ ಕಾರಣಕ್ಕೂ ಹೌದು.

ಬಡವರ ಮನೆಯ ಸೈನ್ಯ

ಯುರೋಪಿನಲ್ಲಿ ತವರ ಮತ್ತು ಸೀಸದ ಎರಕದ ಸೈನಿಕರು 18ನೇ ಶತಮಾನದಲ್ಲೇ ಇದ್ದರು. ಆದರೆ ಅವರ ಒಂದು ಪೆಟ್ಟಿಗೆಗೆ ತಗಲುವ ಹಣ ಕೂಲಿಕಾರರ, ಕುಶಲಕರ್ಮಿಗಳ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಕಾಗದದ ಹಾಳೆ ಹಾಗಲ್ಲ. ಒಂದೇ ಹಾಳೆಯಲ್ಲಿ ಇಡೀ ಒಂದು ತುಕಡಿ ಸಿಗುತ್ತಿತ್ತು. ಬಣ್ಣ ಹಚ್ಚದ ಕಪ್ಪು ಗೆರೆಯ ಹಾಳೆ ಇನ್ನೂ ಅಗ್ಗ. ಬಣ್ಣದ ಕೆಲಸ ಮಕ್ಕಳದೇ.

ಸ್ಟ್ರಾಸ್‌ಬರ್ಗ್ ಈ ಆಟಿಕೆಗೆ ಹೇಳಿ ಮಾಡಿಸಿದ ಊರು. ಅಚ್ಚುಮೊಳೆಯ ಮುದ್ರಣದ ಹರಿಕಾರ ಗುಟೆನ್‌ಬರ್ಗ್ 1430ರ ದಶಕದಲ್ಲಿ ಇಲ್ಲೇ ನೆಲೆಸಿದ್ದ. ಅಚ್ಚುಕೂಟಗಳಿಗೆ ಇಲ್ಲಿ ಬರವಿರಲಿಲ್ಲ. 1681ರಲ್ಲಿ ಫ್ರಾನ್ಸ್‌ನ ದೊರೆ 14ನೇ ಲೂಯಿ ಊರನ್ನು ವಶಪಡಿಸಿಕೊಂಡ ಮೇಲೆ ಕೋಟೆ ಬಲಗೊಂಡಿತು, ಪಡೆಗಳು ಬೀಡುಬಿಟ್ಟವು. ಬೀದಿಯಲ್ಲಿ ದಿನವೂ ಕವಾಯತು. 1744ರ ಅಕ್ಟೋಬರ್‌ನಲ್ಲಿ 15ನೇ ಲೂಯಿ ಇಲ್ಲಿಗೆ ಭೇಟಿ ಕೊಟ್ಟ. ಆ ಸಂಭ್ರಮದಲ್ಲೇ ಸೈಫ್ರೀಡ್ ಎಂಬ ಮುದ್ರಕ ಸಿಪಾಯಿಗಳ ಹಾಳೆಯನ್ನು ಮೊದಲು ಅಚ್ಚು ಹಾಕಿದ ಎಂದು ಈ ಕಲೆಯ ಚರಿತ್ರೆ ಹೇಳುವವರು ಶುರು ಮಾಡುತ್ತಾರೆ.

ಅಚ್ಚಿನ ಹಾಳೆಯ ಜೊತೆಗೆ ಇನ್ನೊಂದು ರೂಢಿಯೂ ಬೆಳೆಯಿತು. ಊರಿನ ಹವ್ಯಾಸಿಗಳು ಬೀದಿಯಲ್ಲಿ ಹಾದುಹೋಗುವ ಪಡೆಗಳನ್ನು ಗಮನಿಸಿ, ಮನೆಗೆ ಬಂದು ಒಬ್ಬೊಬ್ಬನನ್ನೇ ಕೈಯಾರೆ ಬರೆದು ಬಣ್ಣ ಹಚ್ಚತೊಡಗಿದರು. ಗುಂಡಿಯ ಸಾಲು ಎಷ್ಟು, ಕೊರಳಪಟ್ಟಿಯ ಬಣ್ಣ ಯಾವುದು, ಟೋಪಿಯ ಗರಿ ಯಾವ ಕಡೆ, ಎಲ್ಲದಕ್ಕೂ ಲೆಕ್ಕ ಇಟ್ಟರು. ವರ್ಷಗಟ್ಟಲೆ ಕೂತು ಇಡೀ ದಂಡುಗಳನ್ನೇ ಹೀಗೆ ಕಟ್ಟಿದವರಿದ್ದರು.

ಬಣ್ಣ ಹಚ್ಚಿದ ಕೈಗಳು

ಫ್ರಾನ್ಸ್‌ನ ಎಪಿನಾಲ್ ಎಂಬ ಊರಿನಲ್ಲಿ 1796ರಲ್ಲಿ ಜಾಂ-ಶಾರ್ಲ್ ಪೆಲ್ಲರಾಂ ಚಿತ್ರಗಳ ಅಚ್ಚುಕೂಟವೊಂದನ್ನು ತೆರೆದ. ದೇವರ ಪಟ, ಕಥೆಯ ಪಟ, ಸಿಪಾಯಿಗಳ ಹಾಳೆ, ಎಲ್ಲವೂ ಅಲ್ಲಿಂದ ಊರೂರಿಗೆ ಹೋಗುತ್ತಿದ್ದವು. ಜರ್ಮನಿಯಲ್ಲಿ ನೊಯ್‌ರುಪ್ಪಿನ್ ಎಂಬ ಊರು ಇಂಥದೇ ಹಾಳೆಗಳಿಗೆ ಹೆಸರಾಯಿತು.

ಬಣ್ಣ ಹಚ್ಚುವ ವಿಧಾನ ಸರಳ. ಕಪ್ಪು ಗೆರೆಯ ಚಿತ್ರವನ್ನು ಅಚ್ಚು ಹಾಕುವುದು. ಕೆಂಪು ಎಲ್ಲೆಲ್ಲಿ ಬರಬೇಕೋ ಅಲ್ಲಲ್ಲಿ ಮಾತ್ರ ತೂತು ಕೊರೆದ ಗಟ್ಟಿ ಕಾಗದವನ್ನು ಮೇಲಿಟ್ಟು ಬ್ರಷ್ ಎಳೆಯುವುದು. ನೀಲಿಗೆ ಇನ್ನೊಂದು ಕಾಗದ, ಹಳದಿಗೆ ಮತ್ತೊಂದು. ರಂಗೋಲಿ ಹಾಕುವ ತೂತಿನ ಅಚ್ಚನ್ನು ಬಲ್ಲ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಕೆಲಸ ಮಾಡುತ್ತಿದ್ದವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಒಂದು ಮನೆಯ ಮಗು ಆಡಲಿ ಎಂದು ಇನ್ನೊಂದು ಮನೆಯ ಮಗು ಕೂಲಿಗೆ ಬಣ್ಣ ಹಚ್ಚುತ್ತಿತ್ತು.

19ನೇ ಶತಮಾನದ ಮಧ್ಯದಲ್ಲಿ ಸ್ಟ್ರಾಸ್‌ಬರ್ಗಿನ ಮುದ್ರಕ ಗುಸ್ತಾವ್ ಸಿಲ್ಬರ್‌ಮನ್ ಬಣ್ಣಗಳನ್ನೂ ಯಂತ್ರದಲ್ಲೇ ಅಚ್ಚು ಹಾಕುವ ಕ್ರಮವನ್ನು ಚೆನ್ನಾಗಿ ಬೆಳೆಸಿದ. ಅವನ ಸಿಪಾಯಿಗಳು ಒಬ್ಬನಂತೆ ಇನ್ನೊಬ್ಬ, ಗೆರೆ ದಾಟದ ಬಣ್ಣ. ಸಂಗ್ರಹಕಾರರು ಇಂದಿಗೂ ಅವನ ಹಾಳೆಗಳನ್ನು ಹುಡುಕುತ್ತಾರೆ.

ಆದರೆ ಅಚ್ಚಿನ ಸಿಪಾಯಿಯನ್ನು ಕಣ್ಣುಮುಚ್ಚಿ ನಂಬುವ ಹಾಗೂ ಇಲ್ಲ. ಅಚ್ಚು ಕೊರೆಯುವುದು ದುಬಾರಿ ಕೆಲಸ. ಹಾಗಾಗಿ ಒಂದೇ ಅಚ್ಚಿಗೆ ಕೆಂಪು ಹಚ್ಚಿ ಒಂದು ಪಡೆಯ ಹೆಸರು, ಹಸಿರು ಹಚ್ಚಿ ಇನ್ನೊಂದರ ಹೆಸರು ಕೊಡುವುದು ಈ ವ್ಯಾಪಾರದಲ್ಲಿ ಇತ್ತು. ಹಳೆಯ ಹಾಳೆ ಕೈಗೆ ಬಂದಾಗ 'ಇದು ನೋಡಿ ಬರೆದದ್ದೋ, ಮಾರಲು ಬರೆದದ್ದೋ' ಎಂದು ಕೇಳಿಕೊಳ್ಳಬೇಕು. ಇತಿಹಾಸ ಓದುವ ಯಾವ ಮಗುವಿಗೂ ಬೇಕಾದ ಪ್ರಶ್ನೆ ಇದೇ.

ಒಂದು ಚಿತ್ರ, ಎರಡು ಭಾಷೆ

ಸ್ಟ್ರಾಸ್‌ಬರ್ಗಿನಿಂದ ಉತ್ತರಕ್ಕೆ, ಗಡಿಯ ಮಗ್ಗುಲಲ್ಲೇ ಇರುವ ಸಣ್ಣ ಊರು ವಿಸ್ಸೆಂಬರ್ಗ್. 1830ರ ದಶಕದಲ್ಲಿ ವೆಂಟ್ಸೆಲ್ ಎಂಬ ಮುದ್ರಕ ಇಲ್ಲಿ ಅಚ್ಚುಕೂಟ ತೆರೆದ. ಅವನ ಹಾಳೆಗಳ ವಿಶೇಷವೆಂದರೆ ಅಡಿಬರಹ. ಒಂದೇ ಚಿತ್ರದ ಕೆಳಗೆ ಫ್ರೆಂಚ್‌ನಲ್ಲೂ ಜರ್ಮನ್‌ನಲ್ಲೂ ಹೆಸರು ಇರುತ್ತಿತ್ತು. ಕಾರಣ ವ್ಯಾಪಾರವೇ, ಗಡಿಯ ಎರಡೂ ಬದಿಯ ಸಂತೆಗಳಲ್ಲಿ ಮಾರಾಟವಾಗಬೇಕಲ್ಲ. ಆದರೆ ಬೆಳ್ಳೂರು ಅಥವಾ ಬದಿಯಡ್ಕದ ಅಂಗಡಿಯ ಫಲಕ ಓದಿ ಬೆಳೆದ ಮಗುವಿಗೆ ಆ ಹಾಳೆ ಅಪರಿಚಿತ ಅನ್ನಿಸದು.

1870ರ ಆಗಸ್ಟ್ 4ರಂದು ಫ್ರಾನ್ಸ್–ಪ್ರಷ್ಯಾ ಯುದ್ಧದ ಆರಂಭದ ದೊಡ್ಡ ಕದನ ನಡೆದದ್ದು ಇದೇ ವಿಸ್ಸೆಂಬರ್ಗಿನಲ್ಲಿ. ಮರುವರ್ಷದ ಒಪ್ಪಂದದಲ್ಲಿ ಅಲ್ಸಾಸ್ ಪ್ರಾಂತ್ಯ ಜರ್ಮನಿಗೆ ಹೋಯಿತು. 1918ರಲ್ಲಿ ಮತ್ತೆ ಫ್ರಾನ್ಸ್, 1940ರಲ್ಲಿ ಮತ್ತೆ ಜರ್ಮನಿಯ ವಶ, 1944ರ ನವೆಂಬರ್‌ನಲ್ಲಿ ಸ್ಟ್ರಾಸ್‌ಬರ್ಗ್ ಮರಳಿ ಫ್ರಾನ್ಸ್‌ಗೆ. ಎಪ್ಪತ್ತೈದು ವರ್ಷದೊಳಗೆ ಬಾವುಟ ನಾಲ್ಕು ಸಲ ಬದಲಾಯಿತು. ಪ್ರತಿ ಸಲವೂ ಶಾಲೆಯ ಭಾಷೆ, ಬೀದಿಯ ಹೆಸರು, ಸೈನಿಕನ ಅಂಗಿ ಜೊತೆಗೇ ಬದಲಾದವು.

ಆಲ್ಫಾನ್ಸ್ ದೋದೆ 1873ರಲ್ಲಿ ತನ್ನ ಪುಸ್ತಕದಲ್ಲಿ ಸೇರಿಸಿದ 'ಕೊನೆಯ ಪಾಠ' ಎಂಬ ಕಥೆಯನ್ನು ನಿಮ್ಮಲ್ಲಿ ಹಲವರು ಇಂಗ್ಲಿಷ್ ಪಠ್ಯದಲ್ಲಿ ಓದಿರಬಹುದು. ಅಲ್ಸಾಸಿನ ಶಾಲೆಯಲ್ಲಿ ಫ್ರೆಂಚ್ ಕಲಿಸುವ ಕೊನೆಯ ದಿನದ ಕಥೆ ಅದು. ಕಥೆಯಲ್ಲಿ ಹೆಚ್ಚು ಕಾಣದ ಸಂಗತಿ ಒಂದಿದೆ. ಆ ಪ್ರಾಂತ್ಯದ ಬಹುಪಾಲು ಮಕ್ಕಳು ಮನೆಯಲ್ಲಿ ಆಡುತ್ತಿದ್ದದ್ದು ಫ್ರೆಂಚೂ ಅಲ್ಲ, ಪುಸ್ತಕದ ಜರ್ಮನ್ನೂ ಅಲ್ಲ. ಜರ್ಮನ್‌ಗೆ ಹತ್ತಿರದ ಅಲ್ಸಾಸಿ ಮಾತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ ಆಡುವ ಕಾಸರಗೋಡಿನ ಮಗುವಿಗೆ ಇದು ಬೇಗ ಅರ್ಥವಾಗುತ್ತದೆ.

ಒಂದು ಕೆಂಪಿನ ಹಿಂದೆ

ಈ ಹವ್ಯಾಸದಲ್ಲಿ ಮಗು ಎಷ್ಟು ಕಲಿಯಬಹುದು ಎಂಬುದಕ್ಕೆ ಒಂದೇ ಒಂದು ಬಣ್ಣ ನೋಡೋಣ. 1829ರಿಂದ ಫ್ರಾನ್ಸ್‌ನ ಕಾಲಾಳುಗಳದು ಕೆಂಪು ಷರಾಯಿ. ಆ ಕೆಂಪು ಬಂದದ್ದು ಒಂದು ಗಿಡದ ಬೇರಿನಿಂದ. ನಮ್ಮ ನಾಟಿವೈದ್ಯರು ಬಲ್ಲ ಮಂಜಿಷ್ಠದ ಹತ್ತಿರದ ಸಂಬಂಧಿ ಅದು. ಫ್ರಾನ್ಸ್‌ನ ರೈತರು ಅದನ್ನು ಹೊಲದಲ್ಲಿ ಬೆಳೆಯುತ್ತಿದ್ದರು. ಸೈನ್ಯಕ್ಕೆ ಕೆಂಪು ಬಟ್ಟೆ ಬೇಕೆಂದರೆ ಅವರ ಬೆಳೆಗೆ ಗಿರಾಕಿ ಇದ್ದಂತೆ.

1869ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರು ಅದೇ ಕೆಂಪನ್ನು ಕಾರ್ಖಾನೆಯಲ್ಲಿ ತಯಾರಿಸುವ ದಾರಿ ಕಂಡುಹಿಡಿದರು. ಬೇರಿನ ಬೆಲೆ ಬಿತ್ತು, ಬೆಳೆ ಹೊಲ ಬಿಟ್ಟಿತು. ಮುಂದೆ ಫ್ರೆಂಚ್ ಸಿಪಾಯಿಯ ಷರಾಯಿಯ ಬಣ್ಣಕ್ಕೆ ಜರ್ಮನಿಯ ಕಾರ್ಖಾನೆಗಳನ್ನೇ ನೆಚ್ಚುವ ಸ್ಥಿತಿ ಬಂತು. 1914ರಲ್ಲಿ ಅದೇ ಜರ್ಮನಿಯ ಮೇಲೆ ಯುದ್ಧಕ್ಕೆ ಹೊರಟಾಗಲೂ ಕಾಲಾಳುಗಳು ತೊಟ್ಟಿದ್ದದ್ದು ಕೆಂಪು ಷರಾಯಿ. ದೂರದಿಂದಲೇ ಕಣ್ಣಿಗೆ ಬೀಳುವ ಬಣ್ಣ. ಮೆಷಿನ್‌ಗನ್ನಿನ ಎದುರು ಅದು ಪ್ರಾಣಕ್ಕೇ ಎರವಾಗುವಂಥದ್ದು. 1915ರಲ್ಲಿ ಮಾಸಲು ನೀಲಿಯ ಸಮವಸ್ತ್ರ ಬಂದಿತು.

ಮಗು 'ಷರಾಯಿಗೆ ಯಾವ ಬಣ್ಣ ಹಾಕಲಿ' ಎಂದು ಕೇಳಿದಾಗ 'ಯಾವ ವರ್ಷದವನು ಇವನು' ಎಂದು ನೀವು ತಿರುಗಿ ಕೇಳಿದರೆ ಸಾಕು. ಕೃಷಿ, ರಸಾಯನಶಾಸ್ತ್ರ, ವ್ಯಾಪಾರ, ಯುದ್ಧ ಎಲ್ಲವೂ ಆ ಒಂದು ಪ್ರಶ್ನೆಯ ಹಿಂದೆ ಬರುತ್ತವೆ.

ಕೂಡಿಟ್ಟವರು

ಆಡಿದ ಸಿಪಾಯಿ ಹರಿದುಹೋಗುತ್ತಾನೆ. ಆದ್ದರಿಂದಲೇ ಕತ್ತರಿ ತಾಗದ ಇಡೀ ಹಾಳೆಗೆ ಸಂಗ್ರಹಕಾರರಲ್ಲಿ ಬೆಲೆ ಹೆಚ್ಚು. ಹಾಗೆಂದು ಮಗುವಿನ ಕೈಗೆ ಕೊಡದೆ ಬೀರುವಿನಲ್ಲಿಟ್ಟರೆ ಹಾಳೆ ಹುಟ್ಟಿದ ಉದ್ದೇಶವೇ ತಪ್ಪುತ್ತದೆ. ಪರಿಹಾರ ಸುಲಭ: ಎರಡು ಪ್ರತಿ ಇರಲಿ, ಒಂದು ಆಡಲು, ಒಂದು ಇಡಲು.

ನೆದರ್‌ಲ್ಯಾಂಡ್ಸ್‌ನ ವೈದ್ಯ ಎಚ್.ಜೆ. ವಿಂಕ್‌ಹೌಜನ್ (1843–1910) ಸೈನಿಕರ ಸಮವಸ್ತ್ರದ ಚಿತ್ರಗಳ ಹುಚ್ಚು ಹತ್ತಿಸಿಕೊಂಡವನು. ಪುಸ್ತಕಗಳಿಂದ ಚಿತ್ರ ಬಿಡಿಸಿ, ದೇಶವಾರು, ಕಾಲವಾರು ಆಲ್ಬಮ್‌ಗಳಿಗೆ ಅಂಟಿಸುತ್ತ ಹೋದ. ಅವನು ಕೂಡಿಟ್ಟ ಚಿತ್ರಗಳು 32 ಸಾವಿರಕ್ಕೂ ಹೆಚ್ಚು. 1911ರಲ್ಲಿ ಅವು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕೆ ದಾನವಾಗಿ ಸೇರಿದವು. ಇಂದು ಅಲ್ಲಿನ ಡಿಜಿಟಲ್ ಭಂಡಾರದಲ್ಲಿ ಯಾರು ಬೇಕಾದರೂ ನೋಡಬಹುದು. ಫ್ರಾನ್ಸ್‌ನ ರಾಷ್ಟ್ರೀಯ ಗ್ರಂಥಾಲಯದ 'ಗ್ಯಾಲಿಕಾ' ಭಂಡಾರದಲ್ಲೂ ಎಪಿನಾಲ್‌ನ ಹಳೆಯ ಹಾಳೆಗಳಿವೆ. ಮೊಬೈಲ್ ಇರುವ ಮನೆಗೆ ಇವೆಲ್ಲ ಉಚಿತ.

ಕೂಡಿಡುವುದರ ಜೊತೆಗೆ ನಕಲು ಮಾಡುವುದೂ ಮುಖ್ಯ. 1870ರ ಆಗಸ್ಟ್ 24ರ ರಾತ್ರಿ ಜರ್ಮನ್ ಫಿರಂಗಿಗಳ ದಾಳಿಗೆ ಸ್ಟ್ರಾಸ್‌ಬರ್ಗಿನ ಗ್ರಂಥಾಲಯ ಸುಟ್ಟು ಬೂದಿಯಾಯಿತು. 12ನೇ ಶತಮಾನದಲ್ಲಿ ಹೆರಾಡ್ ಎಂಬ ಸನ್ಯಾಸಿನಿ ರೂಪಿಸಿದ ಅಪರೂಪದ ಸಚಿತ್ರ ಗ್ರಂಥವೂ ಅದರಲ್ಲಿ ಹೋಯಿತು. ಆದರೆ ಅದಕ್ಕೂ ಮೊದಲೇ ಕೆಲವರು ಅದರ ಚಿತ್ರಗಳನ್ನು ಕೈಯಾರೆ ನಕಲು ಮಾಡಿದ್ದರು. ಆ ಗ್ರಂಥದ ಚಿತ್ರಗಳು ಹೇಗಿದ್ದವೆಂದು ಇಂದು ನಮಗೆ ತಿಳಿದಿರುವುದು ಆ ನಕಲುಗಳಿಂದ.

ಮನೆಯಲ್ಲೇ ಮಾಡುವ ಬಗೆ

ಹಳೆಯ ಹಾಳೆಯೊಂದನ್ನು ಆರಿಸಿ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು–ಬಿಳುಪಿನಲ್ಲಿ ಪ್ರಿಂಟ್ ತೆಗೆಸಿ. ಮನೆಯ ಇಂಕ್‌ಜೆಟ್ ಪ್ರಿಂಟರಿನ ಮಸಿ ನೀರು ತಾಗಿದರೆ ಹರಡಬಹುದು. ಜೆರಾಕ್ಸ್ ಯಂತ್ರದ ಗೆರೆ ಹರಡುವುದಿಲ್ಲ. ಮೊದಲ ಸಲಕ್ಕೆ ಏಳೆಂಟು ಸಿಪಾಯಿಗಳು ಸಾಕು. ಒಬ್ಬೊಬ್ಬನೂ ಆರು ಸೆಂಟಿಮೀಟರಿಗಿಂತ ಚಿಕ್ಕವನಾದರೆ ಸಣ್ಣ ಕೈಗಳಿಗೆ ಕಷ್ಟ.

ಬಣ್ಣಕ್ಕೆ ಶಾಲೆಯ ಜಲವರ್ಣದ ಬಿಲ್ಲೆಗಳೇ ಆದೀತು. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಎದೆಯ ಮೇಲಿನ ಬಿಳಿ ಪಟ್ಟಿಗೆ ಬಿಳಿ ಬಣ್ಣ ಬೇಡ, ಕಾಗದವನ್ನೇ ಹಾಗೆ ಬಿಡಿ. ಒಬ್ಬ ಸಿಪಾಯಿಯನ್ನು ಪೂರ್ತಿ ಮುಗಿಸಿ ಇನ್ನೊಬ್ಬನಿಗೆ ಹೋಗುವ ಬದಲು ಎಲ್ಲರ ಅಂಗಿ, ಆಮೇಲೆ ಎಲ್ಲರ ಷರಾಯಿ, ಹೀಗೆ ಹೋಗಲಿ. ಒಂದು ಬಣ್ಣ ಒಣಗುವಷ್ಟರಲ್ಲಿ ಮುಂದಿನದನ್ನು ಕಲಸಬಹುದು.

ಕತ್ತರಿಸುವ ಮೊದಲೇ ರಟ್ಟಿಗೆ ಅಂಟಿಸಿ. ಹಳೆಯ ಲಗ್ನಪತ್ರಿಕೆಯ ರಟ್ಟು ಇದಕ್ಕೆ ಅಚ್ಚುಕಟ್ಟು. ತೆಳುವಾದ ಮೈದಾ ಅಂಟು ಅಥವಾ ಫೆವಿಕಾಲ್ ಸಾಕು. ಹುಳು ಬಾರದಿರಲಿ ಎಂದು ಕೆಲವರು ಅಂಟಿಗೆ ಮೈಲುತುತ್ತು ಬೆರೆಸುವುದುಂಟು. ಅದು ವಿಷ, ಮಕ್ಕಳ ಕೆಲಸದಲ್ಲಿ ಬೇಡವೇ ಬೇಡ. ಅಂಟಿಸಿದ್ದನ್ನು ಒಂದು ರಾತ್ರಿ ದಪ್ಪ ಪುಸ್ತಕಗಳ ಕೆಳಗೆ ಇಟ್ಟರೆ ಸೊಟ್ಟಗಾಗುವುದಿಲ್ಲ.

ಕತ್ತರಿಸುವಾಗ ಕೈ–ಸೊಂಟದ ನಡುವಿನ ಸಂದಿಗಳನ್ನು ಮೊದಲು ತೆಗೆಯಿರಿ, ಹೊರಗಿನ ಗೆರೆ ಆಮೇಲೆ. ಬಂದೂಕಿನ ತುದಿಯ ಸುತ್ತ ಸ್ವಲ್ಪ ಬಿಳಿ ಕಾಗದ ಉಳಿಯಲಿ. ಇಲ್ಲದಿದ್ದರೆ ಎರಡೇ ದಿನದಲ್ಲಿ ಮುರಿಯುತ್ತದೆ. ಪಾದದ ಕೆಳಗೆ ಒಂದು ಸೆಂಟಿಮೀಟರ್ ಪಟ್ಟಿ ಬಿಟ್ಟು ಹಿಂದಕ್ಕೆ ಮಡಚಿದರೆ ಸಿಪಾಯಿ ನಿಲ್ಲುತ್ತಾನೆ.

ಇಡಲು ಮುಚ್ಚಳವಿರುವ ತಗಡಿನ ಡಬ್ಬಿ ಒಳ್ಳೆಯದು. ಸೆಲ್ಲೊಟೇಪ್ ಬಳಸಬೇಡಿ, ಕೆಲವೇ ವರ್ಷದಲ್ಲಿ ಹಳದಿಯಾಗಿ ಕಾಗದವನ್ನೇ ಕೆಡಿಸುತ್ತದೆ. ವಯನಾಡು, ಕಾಸರಗೋಡು, ನೀಲಗಿರಿ ಕಡೆಯವರು ಮಳೆಗಾಲ ಮುಗಿದ ಮೇಲೆ ಡಬ್ಬಿ ತೆರೆದು ನೆರಳಿನಲ್ಲಿ ಗಾಳಿಗೆ ಹರಡಿ. ನೇರ ಬಿಸಿಲಿಗೆ ಬಣ್ಣ ಮಾಸುತ್ತದೆ. ಸೊಲ್ಲಾಪುರ, ರಾಯದುರ್ಗ ಕಡೆ ತೇವದ ಕಾಟ ಕಡಿಮೆ, ಗೆದ್ದಲಿನ ಮೇಲೆ ಕಣ್ಣಿರಲಿ.

ನಮ್ಮ ಕಡೆಯ ಸಿಪಾಯಿಗಳು

ಕೈ ಪಳಗಿದ ಮೇಲೆ ಮಗು ತನ್ನದೇ ಹಾಳೆ ಬರೆಯಬಹುದು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕದನದ ದೊಡ್ಡ ಚಿತ್ರವಿದೆ. ಕದನ ನಡೆದದ್ದು ಇಂದಿನ ತಮಿಳುನಾಡಿನ ಕಾಂಚೀಪುರದ ಹತ್ತಿರ. ಹೈದರ್, ಟಿಪ್ಪುವಿನ ಪಡೆ ಒಂದು ಕಡೆ, ಕೆಂಪು ಕೋಟಿನ ಬ್ರಿಟಿಷ್ ಪಡೆ ಇನ್ನೊಂದು ಕಡೆ, ನಡುವೆ ಪಲ್ಲಕ್ಕಿಯಲ್ಲಿ ಕರ್ನಲ್ ಬೇಲಿ. ಸಾಲು ಸಾಲು ಸೈನಿಕರು ಕಾಗದದ ಹಾಳೆಯ ಮೇಲಿದ್ದಂತೆಯೇ ಇದ್ದಾರೆ. ಈ ಚಿತ್ರಕ್ಕೆ 19ನೇ ಶತಮಾನದಲ್ಲಿ ಮತ್ತೆ ಬಣ್ಣ ಹಚ್ಚಲಾಗಿದೆ ಎಂಬುದನ್ನೂ ಮಗುವಿಗೆ ಹೇಳಿ. ನಾವು ಕಾಣುವ ಬಣ್ಣವೆಲ್ಲ ಮೊದಲಿನದೇ ಎನ್ನುವ ಹಾಗಿಲ್ಲ.

1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಪಡೆಗಳಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರೂ ಇದ್ದರು. ಕೈಯಲ್ಲಿ ಉದ್ದನೆಯ ಈಟಿ. ಬರೆಯಲು ಒಳ್ಳೆಯ ವಿಷಯ. ಇನ್ನೂ ಹತ್ತಿರದ್ದು ಬೇಕೆಂದರೆ ವೀರಗಲ್ಲು. ಹೊಸೂರು ಸೀಮೆಯಲ್ಲಿ ಇವು ಹೇರಳ. ಹೊಲದ ಬದುವಿನಲ್ಲೋ ಗುಡಿಯ ಪಕ್ಕದಲ್ಲೋ ನಿಂತ ಕಲ್ಲಿನ ಮೇಲೆ ಬಿಲ್ಲು, ಕತ್ತಿ, ಗುರಾಣಿ ಹಿಡಿದ ವೀರ. ನಿಮ್ಮ ಊರಿನಲ್ಲಿ ಒಂದಿದ್ದರೆ ಭಾನುವಾರ ಮಗುವನ್ನು ಕರೆದುಕೊಂಡು ಹೋಗಿ. ಕಲ್ಲಿಗೆ ಸುಣ್ಣ, ಬಣ್ಣ, ಸೀಮೆಸುಣ್ಣ ತಾಗಿಸದೆ ನೋಡಿ ಬರೆಯಲಿ. ಬಟ್ಟೆಯ ಬಣ್ಣ ಕಲ್ಲಿನಲ್ಲಿ ಇರುವುದಿಲ್ಲ. ಅಲ್ಲಿ ಮಗು ಊಹಿಸಿದ್ದನ್ನು 'ಊಹೆ' ಎಂದೇ ಬರೆದಿಡಲಿ.

ಯುದ್ಧವನ್ನು ಆಟ ಮಾಡಬೇಕೆ?

ಈ ಅಳುಕು ಹಲವು ತಾಯಂದಿರಿಗೆ ಬರುತ್ತದೆ, ಬರಲೇಬೇಕು. ಕಾಗದದ ಸಿಪಾಯಿಗೆ ಗಾಯವಾಗುವುದಿಲ್ಲ, ಅವನ ಷರಾಯಿಗೆ ಕೆಸರು ಮೆತ್ತುವುದಿಲ್ಲ. ಮುದ್ರಕರು ಯುದ್ಧವನ್ನು ಹಬ್ಬದ ಮೆರವಣಿಗೆಯಂತೆ ತೋರಿಸಿದ್ದು ನಿಜ. ಇದಕ್ಕೆ ಉತ್ತರವೂ ಅಲ್ಸಾಸಿನ ಚರಿತ್ರೆಯಲ್ಲೇ ಇದೆ.

1942ರ ಆಗಸ್ಟ್‌ನಲ್ಲಿ ಜರ್ಮನ್ ಆಡಳಿತ ಅಲ್ಸಾಸಿನ ಯುವಕರನ್ನು ಬಲವಂತವಾಗಿ ತನ್ನ ಸೈನ್ಯಕ್ಕೆ ಸೇರಿಸಲು ಆರಂಭಿಸಿತು. ನೆರೆಯ ಮೋಸೆಲ್ ಪ್ರದೇಶದವರೂ ಸೇರಿ ಸುಮಾರು 1,30,000 ಜನ. ಹತ್ತಾರು ಸಾವಿರ ಮಂದಿ ಮರಳಲಿಲ್ಲ. 'ನಮ್ಮ ಮನಸ್ಸಿಗೆ ವಿರುದ್ಧವಾಗಿ ಹೋದವರು' ಎಂಬ ಅರ್ಥದ ಫ್ರೆಂಚ್ ಮಾತಿನಿಂದಲೇ ಅವರನ್ನು ಇಂದಿಗೂ ಕರೆಯುತ್ತಾರೆ. 1939ರಲ್ಲಿ ಫ್ರೆಂಚ್ ಅಂಗಿ ತೊಟ್ಟವರಲ್ಲೇ ಕೆಲವರು ಮೂರು ವರ್ಷದ ಮೇಲೆ ಜರ್ಮನ್ ಅಂಗಿ ತೊಡಬೇಕಾಯಿತು.

ನಿಮ್ಮ ಮಗು ಒಂದೇ ಗೆರೆಚಿತ್ರದ ಎರಡು ಪ್ರತಿಗೆ ಎರಡು ದೇಶದ ಬಣ್ಣ ಹಚ್ಚಿ ಅಕ್ಕಪಕ್ಕ ನಿಲ್ಲಿಸಲಿ. ಮುಖ ಒಂದೇ, ಅಂಗಿ ಬೇರೆ. ಆಮೇಲೆ ಈ ಕಥೆ ಹೇಳಿ. ಯುದ್ಧದ ಬಗ್ಗೆ ಬೇರೆ ಉಪದೇಶ ಬೇಕಾಗಲಿಕ್ಕಿಲ್ಲ.

ಕೊನೆಯದಾಗಿ ಒಂದು ಮಾತು. ಸಂಗ್ರಹಗಳಲ್ಲಿ ಹೆಸರು, ವರ್ಷ ಬರೆದಿಡದ ಸಿಪಾಯಿ ಯಾರೆಂದು ಗುರುತಿಸುವುದು ಬಲು ಕಷ್ಟ. ಆದ್ದರಿಂದ ಪ್ರತಿಯೊಬ್ಬನ ಬೆನ್ನಿನ ಮೇಲೆ ಪೆನ್ಸಿಲ್‌ನಲ್ಲಿ ಬರೆಸಿ: ಇವನು ಯಾರು, ಯಾವ ವರ್ಷದವನು, ಬಣ್ಣ ಎಲ್ಲಿಂದ ತಿಳಿಯಿತು, ಹಚ್ಚಿದವರು ಯಾರು. ಮೊದಲು ಕನ್ನಡದಲ್ಲಿ ಬರೆಯಲಿ. ಅದರ ಕೆಳಗೆ ವಿಸ್ಸೆಂಬರ್ಗಿನ ಮುದ್ರಕನ ಹಾಗೆ ನಿಮ್ಮ ರಾಜ್ಯದ ಭಾಷೆಯಲ್ಲಿ, ಮಲಯಾಳಂ, ತಮಿಳು, ಮರಾಠಿ, ತೆಲುಗು, ಕೊಂಕಣಿ ಯಾವುದಾದರೂ ಸರಿ. ಪಕ್ಕದ ಮನೆಯ ಗೆಳೆಯನೂ ಓದಬೇಕಲ್ಲ.